ಲಕ್ಸ್ ಮೀಟರ್‌ಗೆ ಕಾಣದ ಬೆಳಕು: ತರಂಗಾಂತರಕ್ಕೆ ತಕ್ಕ ಮಾಪಕ ಆರಿಸಿ ಅಳೆಯುವ ಸಮಗ್ರ ಮಾರ್ಗದರ್ಶಿ

ಟಿವಿ ರಿಮೋಟನ್ನು ಕೈಗೆತ್ತಿಕೊಂಡು ಅದರ ಮೂತಿಯನ್ನು ನೋಡುತ್ತಾ ಒಂದು ಗುಂಡಿ ಒತ್ತಿ. ಏನೂ ಕಾಣುವುದಿಲ್ಲ. ಅದೇ ಮೂತಿಯನ್ನು ಮೊಬೈಲಿನ ಮುಂಬದಿಯ ಕ್ಯಾಮೆರಾಕ್ಕೆ ತೋರಿಸಿದರೆ, ಹೆಚ್ಚಿನ ಫೋನುಗಳಲ್ಲಿ ಬಿಳಿ ಮಿಶ್ರಿತ ನೇರಳೆ ಬಣ್ಣದ ಮಿನುಗು ಕಾಣುತ್ತದೆ. ಕಣ್ಣಿಗೆ ಕಾಣುವ ಬೆಳಕನ್ನಷ್ಟೇ ಅಳೆಯುವ ಒಳ್ಳೆಯ ಲಕ್ಸ್ ಮೀಟರ್‌ಗೆ ಹಿಡಿದರೆ ಸೊನ್ನೆ. ಬೆಳಕು ಬಿದ್ದರೆ ವಿದ್ಯುತ್ ಹರಿಸುವ, ಫಿಲ್ಟರ್ ಇಲ್ಲದ ಬರಿಯ ಸಿಲಿಕಾನ್ ಫೋಟೋಡಯೋಡಿಗೆ ಹಿಡಿದರೆ ಮುಳ್ಳು ಚಂಗನೆ ಮೇಲೇರುತ್ತದೆ. ಬೆಳಕು ಒಂದೇ, ಸಾಮಾನ್ಯವಾಗಿ 940 ನ್ಯಾನೊಮೀಟರ್ ತರಂಗಾಂತರದ ಅವಕೆಂಪು. ಉತ್ತರ ಮಾತ್ರ ನಾಲ್ಕು ಬಗೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ನಾಲ್ಕೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿವೆ, ಅಷ್ಟೇ.

ಬೆಳಕನ್ನು ಅಳೆಯುವವರು ಎಡವುವುದು ಬಹುಪಾಲು ಇಲ್ಲಿಯೇ. ಪರದೆಯ ಮೇಲೆ ಅಂಕಿ ಮೂಡಿದೊಡನೆ ‘ಇಷ್ಟು ಬೆಳಕಿದೆ’ ಎಂದು ಬರೆದುಕೊಳ್ಳುತ್ತೇವೆ. ಆದರೆ ಪ್ರತಿಯೊಂದು ಮಾಪಕದ ಹೊಟ್ಟೆಯಲ್ಲೂ ಒಂದು ವಕ್ರರೇಖೆ ಅಡಗಿರುತ್ತದೆ. ಯಾವ ತರಂಗಾಂತರಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಅದು ಮೊದಲೇ ನಿರ್ಧರಿಸಿಬಿಟ್ಟಿರುತ್ತದೆ. ಆ ರೇಖೆಯನ್ನು ತಿಳಿಯದೆ ಓದಿದ ಅಂಕಿಗೆ ಅರ್ಥವಿಲ್ಲ. ಆದ್ದರಿಂದ ‘ಎಷ್ಟು’ ಎಂದು ಕೇಳುವ ಮೊದಲು ‘ಯಾವುದು’ ಎಂದು ಕೇಳಿ ಶುರುಮಾಡೋಣ.

ಹಂತ 1: ನಿಮ್ಮ ಬೆಳಕಿನಲ್ಲಿ ಯಾವ ತರಂಗಾಂತರಗಳಿವೆ?

ಬೆಳಕಿನ ಮೂಲಗಳ ಗುಣ ಒಂದೇ ತೆರನಲ್ಲ. ಲೇಸರ್ ಎಂದರೆ ಒಂದು ಸೂಜಿಮೊನೆಯಷ್ಟು ಕಿರಿದಾದ ತರಂಗಾಂತರ. ಬಣ್ಣದ ಎಲ್‌ಇಡಿ ಸುಮಾರು 20ರಿಂದ 30 ನ್ಯಾನೊಮೀಟರ್ ಅಗಲದ ಗುಡ್ಡ. ಬಿಳಿ ಎಲ್‌ಇಡಿಯಲ್ಲಿ 450ರ ಆಸುಪಾಸಿನಲ್ಲಿ ನೀಲಿಯ ಚೂಪಾದ ಶಿಖರವೂ ಅದರ ಬಲಕ್ಕೆ ಹಳದಿಯ ಅಗಲವಾದ ದಿಬ್ಬವೂ ಇರುತ್ತವೆ. ಫ್ಲೋರೆಸೆಂಟ್ ದೀಪದಲ್ಲಿ ಪಾದರಸದ ಗೆರೆಗಳು ಕಡ್ಡಿ ನೆಟ್ಟಂತೆ ನಿಂತಿರುತ್ತವೆ. ತಂತಿ ಉರಿಯುವ ಹಳೆಯ ಬಲ್ಬಿನ ರೋಹಿತವೇನೋ (ತರಂಗಾಂತರಗಳ ಹರಹು) ನುಣುಪಾಗಿರುತ್ತದೆ, ಆದರೆ ಅದರ ಶಕ್ತಿಯಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಕಣ್ಣಿಗೆ ಕಾಣದ ಅವಕೆಂಪಿಗೇ ಹೋಗುತ್ತದೆ.

ತಯಾರಕರ ಚೀಟಿಯಲ್ಲಿ ತರಂಗಾಂತರ ಬರೆದಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಹಳೆಯ ಸಿಡಿಯೊಂದನ್ನು ಹುಡುಕಿ ತೆಗೆಯಿರಿ. ಸಿಡಿಯ ಮೇಲಿನ ಸುರುಳಿ ಗೆರೆಗಳ ನಡುವಿನ ಅಂತರ 1.6 ಮೈಕ್ರೋಮೀಟರ್, ಅಂದರೆ 1600 ನ್ಯಾನೊಮೀಟರ್. ಇಷ್ಟು ಒತ್ತಾದ ಗೆರೆಗಳು ಬೆಳಕನ್ನು ತರಂಗಾಂತರಕ್ಕೆ ತಕ್ಕ ಕೋನಕ್ಕೆ ಚದುರಿಸುತ್ತವೆ. ಇದಕ್ಕೆ ವಿವರ್ತನೆ ಎಂದು ಹೆಸರು. ಅಳೆಯುವ ಬಗೆ ಹೀಗಿದೆ.

ದಪ್ಪ ಬಿಳಿ ಕಾಗದದ ನಡುವೆ ಚಿಕ್ಕ ರಂಧ್ರ ಮಾಡಿ ನೆಟ್ಟಗೆ ನಿಲ್ಲಿಸಿ. ಅದರ ಎದುರು 30 ಸೆಂಟಿಮೀಟರ್ ದೂರದಲ್ಲಿ ಸಿಡಿಯ ಹೊಳೆಯುವ ಮುಖ ಕಾಗದದ ಕಡೆಗಿರುವಂತೆ ನಿಲ್ಲಿಸಿ. ಕಾಗದದ ಹಿಂದಿನಿಂದ ರಂಧ್ರದ ಮೂಲಕ ಲೇಸರ್ ಪಾಯಿಂಟರಿನ ಕಿರಣ ಬಿಡಿ. ಕಿರಣವು ಸಿಡಿಯ ಕೇಂದ್ರಕ್ಕೆ ಸಮಾನ ಎತ್ತರದಲ್ಲಿ, ಬಲಕ್ಕೋ ಎಡಕ್ಕೋ ಬೀಳಬೇಕು. ಹಾಗೆ ಬಿದ್ದರೆ ಚುಕ್ಕಿಗಳು ಅಡ್ಡಸಾಲಿನಲ್ಲಿ ಮೂಡುತ್ತವೆ, ಅಳೆಯಲು ಸುಲಭ. ಪ್ರತಿಫಲಿಸಿದ ನಡುವಿನ ಚುಕ್ಕಿ ಮರಳಿ ರಂಧ್ರಕ್ಕೇ ಬೀಳುವವರೆಗೆ ಸಿಡಿಯನ್ನು ಓರೆಕೋರೆ ಸರಿಪಡಿಸಿ. ಈಗ ಕಾಗದದ ಮೇಲೆ ರಂಧ್ರದ ಎರಡೂ ಬದಿಗೆ ಒಂದೊಂದು ಚುಕ್ಕಿ ಕಾಣುತ್ತದೆ. ಅವೆರಡರ ನಡುವಿನ ದೂರ ಅಳೆದು ಅರ್ಧ ಮಾಡಿ. ಎಚ್ಚರ: ಕಿರಣವನ್ನಾಗಲಿ, ಸಿಡಿಯಿಂದ ಹೊಮ್ಮುವ ಪ್ರತಿಫಲನವನ್ನಾಗಲಿ ಕಣ್ಣಿಗೆ ಬೀಳಲು ಬಿಡಬೇಡಿ. ಕಾಗದದ ಮೇಲಿನ ಚುಕ್ಕಿಯನ್ನಷ್ಟೇ ನೋಡಿ.

ಕೆಂಪು ಪಾಯಿಂಟರಿಗೆ ಚುಕ್ಕಿಗಳ ನಡುವೆ 26.6 ಸೆಂ.ಮೀ. ಬಂದಿತೆನ್ನಿ. ಅರ್ಧ 13.3. ಇದರ ವರ್ಗಕ್ಕೆ 30ರ ವರ್ಗವನ್ನು ಕೂಡಿಸಿ ವರ್ಗಮೂಲ ತೆಗೆದರೆ 32.8. 13.3ನ್ನು 32.8ರಿಂದ ಭಾಗಿಸಿದರೆ 0.405, ಅದನ್ನು 1600ರಿಂದ ಗುಣಿಸಿದರೆ 648. ಚೀಟಿಯಲ್ಲಿ 650 ಎಂದಿದ್ದರೆ ಬೀಗಬಹುದು, ಆದರೆ ಹೆಚ್ಚು ಬೀಗಬೇಡಿ. ಸಿಡಿಯ ಗೆರೆಗಳ ಅಂತರದಲ್ಲಿ 0.1 ಮೈಕ್ರೋಮೀಟರ್‌ನಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ಅದರಿಂದಲೇ ಉತ್ತರ 40 ನ್ಯಾನೊಮೀಟರ್ ಅತ್ತಿತ್ತ ಸರಿಯಬಹುದು. ಇದಕ್ಕೆ ಮದ್ದು, ಗೊತ್ತಿರುವ ತರಂಗಾಂತರವೊಂದರಿಂದ ಸಿಡಿಯನ್ನೇ ಮೊದಲು ಅಳೆದುಕೊಳ್ಳುವುದು. ಹರಳಿನ ಮೂಲಕ 1064 ನ್ಯಾನೊಮೀಟರ್ ಅವಕೆಂಪನ್ನು ಅರ್ಧಕ್ಕಿಳಿಸಿ ಹಸಿರು ಮಾಡುವ ಪಾಯಿಂಟರುಗಳು 532ರಲ್ಲಿ ಕದಲದೆ ನಿಲ್ಲುತ್ತವೆ. ಸಿಡಿಯ ಅಂತರ ಸರಿಯಾಗಿ 1600 ಇದ್ದರೆ, 30 ಸೆಂ.ಮೀ. ದೂರದಲ್ಲಿ ಹಸಿರು ಚುಕ್ಕಿ ರಂಧ್ರದಿಂದ 10.6 ಸೆಂ.ಮೀ. ಆಚೆ ಬೀಳಬೇಕು. ಎಲ್ಲ ಹಸಿರೂ 532 ಅಲ್ಲ ಎಂಬುದನ್ನು ಮಾತ್ರ ನೆನಪಿಡಿ. ನೇರವಾಗಿ ಡಯೋಡಿನಿಂದಲೇ ಹಸಿರು ಕೊಡುವ ಪಾಯಿಂಟರುಗಳು 520ರ ಹತ್ತಿರ ಇರುತ್ತವೆ.

ಹಂತ 2: ಮಾಪಕದ ಕಣ್ಣು ಯಾವುದೆಂದು ತಿಳಿಯಿರಿ

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ಬರುವುದು ಒಳ್ಳೆಯದು. 1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಬಿಸಿಲನ್ನು ಬಿಡಿಸಿ, ಬೇರೆ ಬೇರೆ ಬಣ್ಣಗಳಲ್ಲಿ ಉಷ್ಣಮಾಪಕ ಇಟ್ಟ. ಕೆಂಪಿನಾಚೆ, ಬಣ್ಣವೇ ಇಲ್ಲದ ಕಡೆ, ಪಾದರಸ ಇನ್ನೂ ಮೇಲೇರಿತು. ಅವಕೆಂಪು ಸಿಕ್ಕಿದ್ದು ಹೀಗೆ. ಮರುವರ್ಷ ಜರ್ಮನಿಯ ವಿಜ್ಞಾನಿ ಯೋಹಾನ್ ರಿಟ್ಟರ್ ಸಿಲ್ವರ್ ಕ್ಲೋರೈಡ್ ಇಟ್ಟು ನೋಡಿದ. ಅದು ನೇರಳೆಯಾಚೆ ಹೆಚ್ಚು ಬೇಗ ಕಪ್ಪಾಯಿತು. ನೇರಳಾತೀತ ಸಿಕ್ಕಿತು. ಇಬ್ಬರೂ ನೋಡಿದ್ದು ಅದೇ ಸೂರ್ಯನ ಬೆಳಕು. ಒಬ್ಬನ ಸಾಧನ ಶಾಖಕ್ಕೆ ಸ್ಪಂದಿಸಿತು, ಇನ್ನೊಬ್ಬನದು ರಾಸಾಯನಿಕ ಬದಲಾವಣೆಗೆ. ತನ್ನ ಕೈಯಲ್ಲಿದ್ದ ಸಾಧನಕ್ಕೆ ಕಾಣುವುದನ್ನೇ ಒಬ್ಬೊಬ್ಬನೂ ಕಂಡುಹಿಡಿದ.

ಇಂದಿನ ಮಾಪಕಗಳಲ್ಲಿ ಹೆಚ್ಚಿನವುಗಳ ಕಣ್ಣು ಸಿಲಿಕಾನ್. ಬೆಳಕಿನ ಒಂದು ಕಣದ, ಅಂದರೆ ಫೋಟಾನಿನ, ಶಕ್ತಿಯನ್ನು ಎಲೆಕ್ಟ್ರಾನ್ ವೋಲ್ಟಿನಲ್ಲಿ ತಿಳಿಯಬೇಕಾದರೆ 1240ನ್ನು ನ್ಯಾನೊಮೀಟರ್ ತರಂಗಾಂತರದಿಂದ ಭಾಗಿಸಿದರೆ ಸಾಕು. 400ಕ್ಕೆ 3.1, 1100ಕ್ಕೆ 1.13. ಸಿಲಿಕಾನಿನಲ್ಲಿ ಎಲೆಕ್ಟ್ರಾನೊಂದನ್ನು ಬಿಡಿಸಲು 1.12 ಬೇಕು. ಹಾಗಾಗಿ 1100ರ ಸುಮಾರಿಗೆ ಅದರ ದೃಷ್ಟಿ ಮುಗಿಯುತ್ತದೆ. ಅದರಾಚೆ ಎಷ್ಟೇ ಪ್ರಖರ ಬೆಳಕು ಸುರಿದರೂ ಅದು ಹೆಚ್ಚುಕಡಿಮೆ ಕುರುಡು.

ಇನ್ನೊಂದು ಸೂಕ್ಷ್ಮವಿದೆ, ಬಹಳ ಮಂದಿ ಗಮನಿಸುವುದಿಲ್ಲ. ಡಯೋಡ್ ಎಣಿಸುವುದು ಫೋಟಾನುಗಳ ತಲೆಗಳನ್ನು, ಅವುಗಳ ತೂಕವನ್ನಲ್ಲ. ನೀಲಿ ಫೋಟಾನ್ ಎಷ್ಟು ಶಕ್ತಿ ಹೊತ್ತು ಬಂದರೂ ಅದರಿಂದ ಹುಟ್ಟುವುದು ಒಂದೇ ಎಲೆಕ್ಟ್ರಾನ್. ಒಂದು ವಾಟ್ ಬೆಳಕಿನಲ್ಲಿ ಕೆಂಪಿನ ಫೋಟಾನುಗಳು ಹೆಚ್ಚು, ನೀಲಿಯವು ಕಡಿಮೆ. ಪ್ರತಿ ಫೋಟಾನೂ ಒಂದು ಎಲೆಕ್ಟ್ರಾನ್ ಬಿಡಿಸಿತೆಂದುಕೊಂಡರೂ, ಒಂದು ವಾಟಿಗೆ 400ರಲ್ಲಿ 0.32 ಆಂಪಿಯರ್, 900ರಲ್ಲಿ 0.73 ಆಂಪಿಯರ್ ಹರಿಯುತ್ತದೆ. ನಿಜವಾದ ಡಯೋಡಿನಲ್ಲಿ ಎರಡೂ ಇದಕ್ಕಿಂತ ಕಡಿಮೆ. ನೀಲಿಯ ಕಡೆ ಇನ್ನೂ ಕಡಿಮೆ. ಬರಿಯ ಸಿಲಿಕಾನಿಗೆ ಅವಕೆಂಪೇ ಬಲು ಇಷ್ಟ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಡಯೋಡು ಸುಮಾರು 900ರಿಂದ 1700ರವರೆಗೆ ನೋಡುತ್ತದೆ. ಆಪ್ಟಿಕಲ್ ಫೈಬರಿನವರಿಗೆ ಬೇಕಾದ 1310 ಮತ್ತು 1550 ಅದರ ಸೀಮೆ. ಥರ್ಮೋಪೈಲ್ ಬೆಳಕನ್ನು ಹೀರಿ ಬಿಸಿಯಾಗಿ ಅಳೆಯುತ್ತದೆ, ಹರ್ಷೆಲನ ಉಷ್ಣಮಾಪಕದ ಮೊಮ್ಮಗ ಎನ್ನಿ. ತರಂಗಾಂತರದ ಭೇದಭಾವ ಅದಕ್ಕೆ ಬಹಳ ಕಡಿಮೆ, ಆದರೆ ಉತ್ತರ ಹೇಳಲು ತಡಮಾಡುತ್ತದೆ, ಮಂದ ಬೆಳಕು ಅದಕ್ಕೆ ತಿಳಿಯುವುದೇ ಇಲ್ಲ.

ಹಂತ 3: ಏಕಮಾನವನ್ನು ಆರಿಸಿ

ಏಕಮಾನ ಆರಿಸುವುದೆಂದರೆ ಯಾರ ಪರವಾಗಿ ಅಳೆಯುತ್ತಿದ್ದೀರಿ ಎಂದು ಹೇಳುವುದು. ಮನುಷ್ಯನ ಕಣ್ಣಿನ ಪರವಾಗಿಯಾದರೆ ಲಕ್ಸ್. ಗಿಡದ ಪರವಾಗಿಯಾದರೆ 400ರಿಂದ 700ರವರೆಗಿನ ಫೋಟಾನುಗಳ ಎಣಿಕೆ, ಅಂದರೆ ಚದರ ಮೀಟರಿಗೆ ಪ್ರತಿ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ (ಕಣಗಳನ್ನು ರಾಶಿಯಾಗಿ ಎಣಿಸುವ ಏಕಮಾನ) ಎಂಬುದು. ಶಾಖ, ಲೇಸರ್, ಸೌರಶಕ್ತಿಯ ಲೆಕ್ಕಕ್ಕೆ ವಾಟ್.

ಲಕ್ಸ್ ಹುಟ್ಟಿದ್ದು ಮನುಷ್ಯನ ಕಣ್ಣಿನ ವಕ್ರರೇಖೆಯಿಂದ. ಸಿಐಇ ಎಂಬ ಅಂತರರಾಷ್ಟ್ರೀಯ ಆಯೋಗ 1924ರಲ್ಲಿ ಒಪ್ಪಿದ ರೇಖೆ ಅದು. 555 ನ್ಯಾನೊಮೀಟರಿನ ಹಳದಿ ಹಸಿರಿಗೆ ಪೂರ್ತಿ ಅಂಕ, ಎರಡೂ ಕಡೆಗೆ ಇಳಿಜಾರು. ಲಕ್ಸ್ ಮೀಟರ್ ಕೂಡ ಒಳಗೆ ಸಿಲಿಕಾನೇ. ಅದರ ಮೇಲೆ ಬಣ್ಣದ ಫಿಲ್ಟರ್ ಹೊದಿಸಿ ಅವಕೆಂಪಿಗೆ ಜಾಣ ಕುರುಡು ಬರುವಂತೆ ಮಾಡಿರುತ್ತಾರೆ. ಇದು ದೋಷವಲ್ಲ, ಅದರ ಕೆಲಸವೇ ಅದು.

ಈಗ ಮೂರು ಎಲ್‌ಇಡಿಗಳನ್ನು ಪಕ್ಕಪಕ್ಕ ಇಡೋಣ. ಮೂರರಿಂದಲೂ ಚದರ ಮೀಟರಿಗೆ ಸರಿಯಾಗಿ ಒಂದೊಂದು ವಾಟ್ ಬೀಳುತ್ತಿದೆ. 555ರ ಹಸಿರಿಗೆ ಲಕ್ಸ್ ಮೀಟರ್ 683 ತೋರಿಸಬೇಕು. 660ರ ಕಡುಗೆಂಪಿಗೆ ಕಣ್ಣಿನ ರೇಖೆ ಕೊಡುವ ಅಂಕ 0.061 ಮಾತ್ರ, ಆದ್ದರಿಂದ 42 ಲಕ್ಸ್. 450ರ ನೀಲಿಗೆ 0.038, ಅಂದರೆ 26 ಲಕ್ಸ್. ಫೋಟಾನ್ ಎಣಿಸಿದರೆ ಏನಾಗುತ್ತದೆ? ತರಂಗಾಂತರವನ್ನು 119.6ರಿಂದ ಭಾಗಿಸಿದರೆ ಪ್ರತಿ ಜೂಲಿಗೆ ಎಷ್ಟು ಮೈಕ್ರೋಮೋಲ್ ಎಂದು ಸಿಗುತ್ತದೆ. ಹಸಿರಿಗೆ 4.64, ನೀಲಿಗೆ 3.76, ಕಡುಗೆಂಪಿಗೆ 5.52. ಲಕ್ಸಿನ ಕಣ್ಣಿಗೆ ಹಸಿರಿನ ಹದಿನಾರನೆಯ ಒಂದು ಪಾಲಿನಷ್ಟೂ ಇಲ್ಲದ ಕಡುಗೆಂಪು, ಗಿಡದ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಂದಿದೆ. ಎತ್ತು ಏರಿಗೆ, ಕೋಣ ನೀರಿಗೆ.

ನಾನೂ ಈ ಗುಂಡಿಗೆ ಬಿದ್ದವನೇ. ಕೆಂಪು ನೀಲಿ ಬೆರೆತ ಗಿಡದ ದೀಪವನ್ನು ಮೊಬೈಲಿನ ಲಕ್ಸ್ ಆ್ಯಪಿನಲ್ಲಿ ಅಳೆದು, ಬೆಳಕು ಸಾಲದೆಂದು ದೀಪವನ್ನು ಎಲೆಗಳ ಮೇಲೆಯೇ ತಂದಿಳಿಸಿದೆ. ವಾರದೊಳಗೆ ತುದಿಯೆಲೆಗಳು ಬೆಳ್ಳಗಾಗಿ ಸುರುಟಿಕೊಂಡವು. ಆ್ಯಪ್ ಮಾತ್ರ ಕೊನೆಯವರೆಗೂ ಬೆಳಕು ಕಡಿಮೆ ಎಂದೇ ಹೇಳುತ್ತಿತ್ತು. ಬಿಸಿಲಿಗಾದರೆ 54 ಲಕ್ಸಿಗೆ ಸುಮಾರು ಒಂದು ಮೈಕ್ರೋಮೋಲ್ ಎಂದು ಲೆಕ್ಕ ಹಾಕಬಹುದು. ಆ 54 ಬಿಸಿಲಿನ ರೋಹಿತಕ್ಕೆ ಮಾತ್ರ ಸೇರಿದ್ದು. ಬೇರೆ ದೀಪಕ್ಕೆ ಅದನ್ನು ಎತ್ತಿ ತಂದರೆ ನನ್ನ ಗಿಡಕ್ಕಾದದ್ದೇ ಆಗುತ್ತದೆ.

ನವಜಾತ ಶಿಶುವಿನ ಕಾಮಾಲೆಗೆ ಕೊಡುವ ಬೆಳಕಿನ ಚಿಕಿತ್ಸೆ ಇನ್ನೂ ಸ್ಪಷ್ಟ ಉದಾಹರಣೆ. ಮೈಯನ್ನು ಹಳದಿಯಾಗಿಸುವ ಬಿಲಿರುಬಿನ್ ಎಂಬ ವಸ್ತು ಹೀರುವುದು ನೀಲಿಯನ್ನು, ಅದರಲ್ಲೂ 460ರಿಂದ 490ರ ಪಟ್ಟಿಯನ್ನು. ಈ ಚಿಕಿತ್ಸೆಯ ಮಾಪಕ ಆ ಪಟ್ಟಿಯಲ್ಲಿ ಚದರ ಸೆಂಟಿಮೀಟರಿಗೆ, ಪ್ರತಿ ನ್ಯಾನೊಮೀಟರಿಗೆ ಎಷ್ಟು ಮೈಕ್ರೋವಾಟ್ ಎಂದು ತೋರಿಸುತ್ತದೆ. ತೀವ್ರ ಚಿಕಿತ್ಸೆಗೆ 30 ಅಥವಾ ಹೆಚ್ಚು ಬೇಕೆನ್ನುತ್ತಾರೆ. ದೀಪ ಎಷ್ಟು ಪ್ರಕಾಶಮಾನವಾಗಿ ಕಂಡರೂ ಅದು ಸಾಕ್ಷಿಯಾಗುವುದಿಲ್ಲ.

ಹಂತ 4: ಮಾಪಕಕ್ಕೆ ತರಂಗಾಂತರವನ್ನು ಹೇಳಿ

ಲೇಸರ್ ಪವರ್ ಮೀಟರ್‌ಗಳಲ್ಲಿ ತರಂಗಾಂತರ ಹೊಂದಿಸುವ ಗುಂಡಿಯೊಂದು ಇರುತ್ತದೆ. ಅದು ಅಲಂಕಾರಕ್ಕಲ್ಲ. ಮೀಟರ್‌ಗೆ ತಿಳಿಯುವುದು ಡಯೋಡಿನಲ್ಲಿ ಎಷ್ಟು ವಿದ್ಯುತ್ ಹರಿಯಿತು ಎಂಬುದಷ್ಟೇ. ಬಂದ ಬೆಳಕು ಯಾವ ಬಣ್ಣದ್ದೆಂದು ನೀವೇ ಹೇಳಬೇಕು.

ಡಯೋಡಿನ ವಿವರ ಪತ್ರದಲ್ಲಿ ಒಂದು ವಾಟಿಗೆ 650ರಲ್ಲಿ 0.40 ಆಂಪಿಯರ್, 450ರಲ್ಲಿ 0.20 ಆಂಪಿಯರ್ ಎಂದಿದೆ ಎಂದುಕೊಳ್ಳೋಣ. ಮೀಟರ್ 650ಕ್ಕೆ ಹೊಂದಿಸಿದ್ದು, ನೀವು ನೀಲಿ ಲೇಸರ್ ಹಿಡಿದಿದ್ದೀರಿ. ಪರದೆಯಲ್ಲಿ 10 ಮಿಲಿವಾಟ್ ಬಂತು. ಅಂದರೆ ಹರಿದದ್ದು 4 ಮಿಲಿಆಂಪಿಯರ್. ಅದನ್ನು 0.20ರಿಂದ ಭಾಗಿಸಿದರೆ ನಿಜವಾದ ಉತ್ತರ 20 ಮಿಲಿವಾಟ್. ಮೀಟರ್ ಅರ್ಧದಷ್ಟನ್ನು ಮುಚ್ಚಿಟ್ಟಿತು. ಕಣ್ಣಿನ ಸುರಕ್ಷತೆಗೆ ಅಳೆಯುತ್ತಿದ್ದರೆ ಈ ಅರ್ಧ ಸಣ್ಣ ವಿಷಯವಲ್ಲ. ಗುಂಡಿ ತಿರುಗಿಸಲು ಮರೆತು ತೆಗೆದುಕೊಂಡ ಅಳತೆಗಳನ್ನು ಎಸೆಯಬೇಕಿಲ್ಲ, ಹೀಗೆ ಕೈಯಲ್ಲೇ ತಿದ್ದಿಕೊಳ್ಳಬಹುದು: ತೋರಿದ ಅಂಕಿಯನ್ನು ಹೊಂದಿಸಿದ್ದ ತರಂಗಾಂತರದ ಸ್ಪಂದನೆಯಿಂದ (ಒಂದು ವಾಟಿಗೆ ಹರಿಯುವ ಆಂಪಿಯರ್) ಗುಣಿಸಿ, ನಿಜವಾದ ತರಂಗಾಂತರದ ಸ್ಪಂದನೆಯಿಂದ ಭಾಗಿಸಿ.

ಈ ತಿದ್ದುಪಡಿ ನಡೆಯುವುದು ಬೆಳಕು ಒಂದೇ ತರಂಗಾಂತರದ್ದಾದಾಗ ಮಾತ್ರ. ಅಗ್ಗದ ಹಸಿರು ಪಾಯಿಂಟರಿನಲ್ಲಿ 532ರ ಜೊತೆಗೆ 808 ಮತ್ತು 1064ರ ಅವಕೆಂಪೂ ಸೋರಿ ಬರುವುದುಂಟು. ಡಯೋಡಿನ ಸ್ಪಂದನೆ 532ರಲ್ಲಿ 0.28, 808ರಲ್ಲಿ 0.50 ಇದ್ದರೆ, ಸೋರಿದ 2 ಮಿಲಿವಾಟ್ ಅವಕೆಂಪು ಪರದೆಯಲ್ಲಿ 3.6 ಮಿಲಿವಾಟ್ ‘ಹಸಿರಾಗಿ’ ಸೇರಿಕೊಳ್ಳುತ್ತದೆ. ಅವಕೆಂಪು ತಡೆಯುವ ಫಿಲ್ಟರನ್ನು ನಡುವೆ ಹಿಡಿದು ಮತ್ತೊಮ್ಮೆ ಅಳೆಯಿರಿ. ಫಿಲ್ಟರಿನಲ್ಲಿ ಹಸಿರೂ ತುಸು ನಷ್ಟವಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಅದಕ್ಕೂ ಮೀರಿ ಅಂಕಿ ಇಳಿದರೆ ಕಳ್ಳ ಯಾರೆಂದು ಗೊತ್ತಾಗುತ್ತದೆ.

ಹಂತ 5: ಲಕ್ಸ್ ಮೀಟರನ್ನೇ ಪರೀಕ್ಷೆಗೆ ಕೂರಿಸಿ

ಲಕ್ಸ್ ಮೀಟರ್‌ಗಳನ್ನು ಸಾಂಪ್ರದಾಯಿಕವಾಗಿ 2856 ಕೆಲ್ವಿನ್‌ನ ತಂತಿ ದೀಪದ ಬೆಳಕಿನಲ್ಲಿ ಸರಿಹೊಂದಿಸುತ್ತಾರೆ. ಆ ಬೆಳಕಿನಲ್ಲಿ ನೀಲಿ ಕಡಿಮೆ. ಹಾಗಾಗಿ ಫಿಲ್ಟರ್ ನೀಲಿಯ ಕಡೆ ಅರ್ಧಂಬರ್ಧ ಇದ್ದರೂ ದೋಷ ಅಲ್ಲಿ ಬಯಲಾಗುವುದಿಲ್ಲ. ಅದೇ ಮೀಟರನ್ನು ಬಿಳಿ ಎಲ್‌ಇಡಿಯ ಕೆಳಗೆ ಇಟ್ಟಾಗ, ಅದಕ್ಕಿಂತ ಹೆಚ್ಚಾಗಿ ಬರಿಯ ನೀಲಿ ಎಲ್‌ಇಡಿಯ ಕೆಳಗೆ ಇಟ್ಟಾಗ, ಬಣ್ಣ ಬಯಲಾಗುತ್ತದೆ. ಕಣ್ಣಿನ ರೇಖೆಗೂ ಮೀಟರಿನ ರೇಖೆಗೂ ಎಷ್ಟು ವ್ಯತ್ಯಾಸವಿದೆ ಎಂಬುದನ್ನು ಒಳ್ಳೆಯ ತಯಾರಕರು ಶೇಕಡಾವಾರು ನಮೂದಿಸುತ್ತಾರೆ. ವಿವರ ಪತ್ರದಲ್ಲಿ ಆ ಅಂಕಿಯೇ ಇಲ್ಲದ ಮೀಟರನ್ನು ನಾನಂತೂ ಬಣ್ಣದ ಬೆಳಕಿಗೆ ನಂಬುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗೆ ಮೊದಲಿನ ರಿಮೋಟೇ ಸಾಕು. ಕೋಣೆ ಕತ್ತಲು ಮಾಡಿ, ಮೀಟರಿನ ಬಿಳಿ ಗುಮ್ಮಟಕ್ಕೆ ರಿಮೋಟಿನ ಮೂತಿ ತಾಗಿಸಿ ಗುಂಡಿ ಒತ್ತಿ ಹಿಡಿಯಿರಿ. ಅಂಕಿ ಕದಲಬಾರದು. ಕದಲಿದರೆ ಅವಕೆಂಪು ಒಳನುಗ್ಗುತ್ತಿದೆ. ಬಿಸಿಲಿನಲ್ಲಿ, ತಂತಿ ದೀಪದಡಿ ಆ ಮೀಟರ್ ಕಣ್ಣಿಗೆ ಕಾಣದ ಬೆಳಕನ್ನೂ ಲೆಕ್ಕಕ್ಕೆ ಸೇರಿಸುತ್ತದೆ.

ಹಂತ 6: ಸ್ಥಳದಲ್ಲಿ ಅಳೆಯುವಾಗ

ಮೊದಲು ಸಂವೇದಕವನ್ನು ಮುಚ್ಚಿ ಸೊನ್ನೆ ನೋಡಿ. ದೀಪ ಹಚ್ಚಿ ಹತ್ತು ಹದಿನೈದು ನಿಮಿಷ ಕಾಯಿರಿ. ಎಲ್‌ಇಡಿ ಬಿಸಿಯಾದಂತೆ ಬೆಳಕು ತುಸು ಇಳಿಯುತ್ತದೆ, ತರಂಗಾಂತರವೂ ತುಸು ಸರಿಯುತ್ತದೆ. ನಿಮ್ಮ ನೆರಳು, ನಿಮ್ಮ ಬಿಳಿ ಅಂಗಿ ಎರಡೂ ಅಳತೆಯನ್ನು ಕೆಡಿಸುತ್ತವೆ. ಸಂವೇದಕದ ಮುಖ ಅಳೆಯಬೇಕಾದ ಮೇಲ್ಮೈಗೆ ಸಮಾನಾಂತರವಾಗಿರಲಿ. ನೇರಳಾತೀತ ಅಳೆಯುವಾಗ ನಡುವೆ ಗಾಜು ಇರಬಾರದು, ಏಕೆಂದರೆ ಸಾಮಾನ್ಯ ಗಾಜು 300 ನ್ಯಾನೊಮೀಟರ್‌ಗಿಂತ ಕೆಳಗಿನದನ್ನು ನುಂಗಿಬಿಡುತ್ತದೆ. ಸೂಕ್ಷ್ಮಾಣು ಕೊಲ್ಲುವ ಪಾದರಸ ದೀಪದ 254 ಅಂತಹ ಗಾಜನ್ನು ದಾಟಿ ಬರುವುದೇ ಇಲ್ಲ. ಆ ದೀಪದ ಎದುರು ಚರ್ಮ, ಕಣ್ಣು ಎರಡಕ್ಕೂ ರಕ್ಷಣೆ ಇರಲೇಬೇಕು.

ಹಂತ 7: ಯಾವಾಗ ಸ್ಪೆಕ್ಟ್ರೋಮೀಟರ್ ಬೇಕು?

ಬೆಳಕು ಹಲವು ತರಂಗಾಂತರಗಳ ಬೆರಕೆಯಾಗಿದ್ದು, ಒಂದೊಂದರ ಪಾಲು ನಿಮಗೆ ಮುಖ್ಯವಾಗಿದ್ದರೆ, ಒಂದೇ ಅಂಕಿ ಕೊಡುವ ಯಾವ ಮೀಟರೂ ಸಾಲದು. ಸ್ಪೆಕ್ಟ್ರೋಮೀಟರ್ ಬೆಳಕನ್ನು ಗ್ರೇಟಿಂಗಿನ (ಒತ್ತಾದ ಗೆರೆಗಳಿರುವ ಫಲಕ) ಮೇಲೆ ಹರಡಿ ಸಾಲಾಗಿ ನಿಂತ ಪಿಕ್ಸೆಲ್‌ಗಳ ಮೇಲೆ ಬೀಳಿಸುತ್ತದೆ. ಹಂತ 1ರಲ್ಲಿ ಸಿಡಿ ಮತ್ತು ಕಾಗದ ಮಾಡಿದ್ದೇ ಈ ಕೆಲಸ.

ಇದಕ್ಕೂ ತರಂಗಾಂತರವನ್ನು ಕಲಿಸಬೇಕು. ಫ್ಲೋರೆಸೆಂಟ್ ದೀಪವನ್ನು ಎದುರಿಗಿಡಿ. ಪಾದರಸದ ನೀಲಿ ನೇರಳೆ ಗೆರೆ 435.8ರಲ್ಲಿ, ಹಸಿರು ಗೆರೆ 546.1ರಲ್ಲಿ. ಅವು 312 ಮತ್ತು 680ನೇ ಪಿಕ್ಸೆಲ್‌ಗಳಲ್ಲಿ ಬಿದ್ದವೆನ್ನಿ. 110.3 ನ್ಯಾನೊಮೀಟರಿಗೆ 368 ಪಿಕ್ಸೆಲ್, ಅಂದರೆ ಪ್ರತಿ ಪಿಕ್ಸೆಲ್ಲಿಗೆ ಸುಮಾರು 0.3. ಈಗ ಬೇರೊಂದು ದೀಪದ ಗೆರೆ 824ನೇ ಪಿಕ್ಸೆಲ್ಲಿನಲ್ಲಿ ಕಂಡರೆ, 546.1ಕ್ಕೆ 43.2 ಕೂಡಿಸಿ: 589.3. ಅದು ಸೋಡಿಯಂ ದೀಪದ ಹಳದಿ. ಅದರ ಅವಳಿ ಗೆರೆಗಳು 589.0 ಮತ್ತು 589.6ರಲ್ಲಿವೆ. ನಿಮ್ಮ ಉಪಕರಣ ಅವನ್ನು ಒಂದೇ ಗೆರೆಯಾಗಿ ತೋರಿಸಿದರೆ ಅದರ ಸೂಕ್ಷ್ಮತೆಯ ಮಿತಿಯೂ ಗೊತ್ತಾಯಿತು.

ಇಲ್ಲೂ ಒಂದು ಕಣ್ಕಟ್ಟು ಇದೆ. ಗ್ರೇಟಿಂಗು ಪ್ರತಿ ಬಣ್ಣವನ್ನೂ ಒಂದಕ್ಕಿಂತ ಹೆಚ್ಚು ಕೋನಗಳಿಗೆ, ಸುತ್ತು ಸುತ್ತಾಗಿ ಕಳುಹಿಸಬಲ್ಲದು; 800ರ ಬೆಳಕನ್ನು ಮೊದಲ ಸುತ್ತಿನಲ್ಲಿ ಕಳುಹಿಸುವ ಜಾಗಕ್ಕೇ 400ರ ಬೆಳಕನ್ನು ಎರಡನೇ ಸುತ್ತಿನಲ್ಲಿ ಕಳುಹಿಸುತ್ತದೆ. 800ರಲ್ಲಿ ಅನುಮಾನಾಸ್ಪದ ಶಿಖರ ಕಂಡರೆ, 400 ತಡೆಯುವ ಹಳದಿ ಫಿಲ್ಟರ್ ಅಡ್ಡ ಹಿಡಿಯಿರಿ. ಶಿಖರ ಮಾಯವಾದರೆ ಅದು ಅವಕೆಂಪಲ್ಲ, ನೇರಳೆಯ ವೇಷ. ತರಂಗಾಂತರ ಸರಿಯಾಯಿತೆಂದು ಎತ್ತರವನ್ನೂ ನಂಬಬೇಡಿ. ಪಿಕ್ಸೆಲ್‌ಗಳೂ ಸಿಲಿಕಾನೇ ಆದ್ದರಿಂದ, ರೋಹಿತ ಮೊದಲೇ ಗೊತ್ತಿರುವ ದೀಪವೊಂದರಿಂದ ಎತ್ತರವನ್ನು ಬೇರೆಯಾಗಿ ತಿದ್ದಬೇಕು.

ಕೊನೆಗೆ ಬರೆದಿಡುವ ಕೆಲಸ. ನನ್ನ ಪುಸ್ತಕದಲ್ಲಿ ಒಂದು ಸಾಲು ಹೀಗಿದೆ: ‘ಕಡುಗೆಂಪು ಎಲ್‌ಇಡಿ, ಶಿಖರ 660, ಸಿಲಿಕಾನ್ ಪವರ್ ಮೀಟರ್, 660ಕ್ಕೆ ಹೊಂದಿಸಿದ್ದು, ದೂರ 30 ಸೆಂ.ಮೀ.; ಹಚ್ಚಿ 15 ನಿಮಿಷದ ನಂತರ; ಕತ್ತಲಿನ ಅಂಕಿ ಕಳೆದಿದೆ.’ ಅದರ ಮೇಲಿನ ಪುಟದಲ್ಲಿ, ಎರಡು ವರ್ಷ ಹಿಂದಿನದು, ‘ಗಿಡದ ದೀಪ, 1900’ ಎಂದಷ್ಟೇ ಇದೆ. ಲಕ್ಸೋ, ಮೈಕ್ರೋಮೋಲೋ, ಇನ್ನೇನೋ, ಬರೆದ ನನಗೇ ಈಗ ಗೊತ್ತಿಲ್ಲ.